ವಿಪಿಎಫ್, ಪಿಪಿಎಫ್, ಎನ್‌ಪಿಎಸ್: ನಿವೃತ್ತಿಯ ದುಡ್ಡು ಮೊದಲು ಎಲ್ಲಿಗೆ?

ಮಾರ್ಚ್ ಬಂತೆಂದರೆ ಆದಾಯ ತೆರಿಗೆಯ 80ಸಿ ಕಡಿತದ ಲೆಕ್ಕ ಸರಿದೂಗಿಸಲು ಸರ್ಕಾರದ 15 ವರ್ಷದ ಉಳಿತಾಯ ಖಾತೆಯಾದ ಪಿಪಿಎಫ್‌ಗೆ ದುಡ್ಡು ತುಂಬುವುದು ಸಂಬಳದಾರರ ಹಳೆಯ ರೂಢಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ಕಡಿತ ಸಿಗುವುದಿಲ್ಲ. ಆದರೆ ಪಿಪಿಎಫ್ ಬಡ್ಡಿಗೆ ಈಗಲೂ ತೆರಿಗೆ ಇಲ್ಲ. ಹಾಗಾಗಿ ಕಟ್ಟುವಾಗ ಏನು ಉಳಿಯುತ್ತದೆ ಎಂಬುದಕ್ಕಿಂತ, ತೆಗೆಯುವಾಗ ಕೈಗೆ ಏನು ಬರುತ್ತದೆ ಎಂದು ನೋಡಿ ಖಾತೆ ಆರಿಸಬೇಕು. ಆ ಲೆಕ್ಕದಲ್ಲಿ ಖಾಸಗಿ ಕಂಪನಿಯ ನೌಕರರಿಗೆ ಮೊದಲ ಆಯ್ಕೆ ವಿಪಿಎಫ್, ಅದೂ ಒಂದು ಗೆರೆಯವರೆಗೆ ಮಾತ್ರ.

ವಿಪಿಎಫ್ ಎಂದರೆ ಬೇರೆ ಖಾತೆಯಲ್ಲ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 12ರಷ್ಟು ಹೇಗೂ ಪಿಎಫ್‌ಗೆ ಹೋಗುತ್ತದೆ. ಅದರ ಮೇಲೆ ನಾವಾಗಿ ಕಡಿತ ಮಾಡಿಸುವ ಮೊತ್ತವೇ ವಿಪಿಎಫ್. ಕಂಪನಿ ಇದಕ್ಕೆ ಸಮನಾಗಿ ಏನೂ ಸೇರಿಸುವುದಿಲ್ಲ, ಆದರೆ ಬಡ್ಡಿ ಪಿಎಫ್‌ನದೇ. 2023-24 ಮತ್ತು 2024-25ಕ್ಕೆ ಅದು ಶೇ 8.25 ಇತ್ತು. ಪಿಪಿಎಫ್ ಬಡ್ಡಿ 2020ರ ಏಪ್ರಿಲ್‌ನಲ್ಲಿ ಶೇ 7.1ಕ್ಕೆ ಇಳಿದದ್ದು ಮತ್ತೆ ಏರಲೇ ಇಲ್ಲ. ವರ್ಷದ ಆರಂಭದಲ್ಲೇ 1.5 ಲಕ್ಷ ಹಾಕುತ್ತಾ ಹೋದರೆ 15 ವರ್ಷಕ್ಕೆ ಶೇ 7.1ರಲ್ಲಿ ಸುಮಾರು 40.7 ಲಕ್ಷ, ಶೇ 8.25ರಲ್ಲಿ ಸುಮಾರು 45 ಲಕ್ಷ ಆಗುತ್ತದೆ.

ಆ ಗೆರೆ ಯಾವುದೆಂದರೆ, ನೌಕರನ ಪಾಲು (ಪಿಎಫ್ ಮತ್ತು ವಿಪಿಎಫ್ ಸೇರಿ) ವರ್ಷಕ್ಕೆ 2.5 ಲಕ್ಷ. 2021ರ ಏಪ್ರಿಲ್‌ನಿಂದ ಇದಕ್ಕಿಂತ ಹೆಚ್ಚಿಗೆ ಕಟ್ಟಿದ ಭಾಗದ ಬಡ್ಡಿಗೆ ತೆರಿಗೆ ಇದೆ, ಅದೂ ಪ್ರತಿ ವರ್ಷ. ಶೇ 30ರ ಸ್ಲ್ಯಾಬ್‌ನಲ್ಲಿ ಇರುವವರಿಗೆ ಸೆಸ್ ಸೇರಿ ಕಳೆದರೆ 8.25 ಎಂಬುದು 5.7ರ ಹತ್ತಿರಕ್ಕೆ ಬರುತ್ತದೆ, ಪಿಪಿಎಫ್‌ಗಿಂತ ಕಡಿಮೆ. ಮೂಲ ವೇತನ ತಿಂಗಳಿಗೆ 1 ಲಕ್ಷ ಇದ್ದರೆ ಶೇ 12ರ ಪಿಎಫ್ ವರ್ಷಕ್ಕೆ 1.44 ಲಕ್ಷ. ಉಳಿದ ಜಾಗ 1.06 ಲಕ್ಷ, ಅಂದರೆ ತಿಂಗಳಿಗೆ ಸುಮಾರು 8,800 ರೂಪಾಯಿ ವಿಪಿಎಫ್. ಸಂಬಳ ಏರಿದ ವರ್ಷ ಈ ಲೆಕ್ಕ ಮತ್ತೆ ಹಾಕಲೇಬೇಕು. ವಿಪಿಎಫ್ ಅನ್ನು ಶೇಕಡಾವಾರು ಕೊಟ್ಟಿದ್ದರೆ ಅದು ಸಂಬಳದ ಜೊತೆ ತಾನೂ ಏರಿ, ಸದ್ದಿಲ್ಲದೆ ಗೆರೆ ದಾಟುತ್ತದೆ. ಅನೇಕ ಕಂಪನಿಗಳು ಬದಲಾವಣೆಗೆ ಏಪ್ರಿಲ್‌ನಲ್ಲಿ ಮಾತ್ರ ಅವಕಾಶ ಕೊಡುವುದರಿಂದ ಎಚ್‌ಆರ್‌ಗೆ ಮೊದಲೇ ಕೇಳಿಡುವುದು ಒಳ್ಳೆಯದು.

ವಿಪಿಎಫ್ ಕೈಕೊಡುವುದು ಕೆಲಸ ಬದಲಿಸುವಾಗ. ಹಳೆಯ ಕಂಪನಿ ಕೆಲವೊಮ್ಮೆ ಕೆಲಸ ಬಿಟ್ಟ ದಿನಾಂಕ ನಮೂದಿಸಿರುವುದಿಲ್ಲ. ಅದಿಲ್ಲದೆ ಹಣ ವರ್ಗಾವಣೆ ನಿಲ್ಲುತ್ತದೆ. ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಪಿಎಫ್ ಸದಸ್ಯರ ಯುಎಎನ್ ಪೋರ್ಟಲ್‌ನಲ್ಲಿ ನಾವೇ ಅದನ್ನು ನಮೂದಿಸಬಹುದು. ಆಧಾರ್‌ನಲ್ಲಿ ಇನಿಶಿಯಲ್ ಬಿಡಿಸಿ ಬರೆದಿದ್ದು, ಪಿಎಫ್‌ನಲ್ಲಿ ಒಂದೇ ಅಕ್ಷರ ಇದ್ದರೂ ಕ್ಲೇಮ್ ತಿರಸ್ಕೃತವಾಗುತ್ತದೆ. ನಮ್ಮ ಕಡೆಯ ಹೆಸರುಗಳಿಗೆ ಈ ತೊಂದರೆ ಜಾಸ್ತಿ, ಕೆಲಸದಲ್ಲಿ ಇರುವಾಗಲೇ ಸರಿಪಡಿಸಿಕೊಳ್ಳಬೇಕು. ಐದು ವರ್ಷದ ಸೇವೆ ತುಂಬುವ ಮೊದಲೇ ದುಡ್ಡು ತೆಗೆದರೆ ತೆರಿಗೆ ಬೀಳುತ್ತದೆ. ಖಾತೆ ವರ್ಗಾಯಿಸಿದ್ದರೆ ಹಳೆಯ ಸೇವೆಯೂ ಆ ಐದು ವರ್ಷದ ಲೆಕ್ಕಕ್ಕೆ ಸೇರುತ್ತದೆ.

ಗೆರೆ ಮುಟ್ಟಿದ ಮೇಲೆ ಪಿಪಿಎಫ್. ಸ್ವಂತ ಉದ್ಯೋಗದವರು, ಅಂಗಡಿ ಇಟ್ಟವರು ಇಲ್ಲಿಂದಲೇ ಶುರುಮಾಡಬಹುದು. ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ, ಒಬ್ಬರಿಗೆ ಒಂದೇ ಖಾತೆ. 15 ವರ್ಷ ಎಣಿಸುವುದು ತೆರೆದ ದಿನದಿಂದಲ್ಲ, ಆ ಹಣಕಾಸು ವರ್ಷದ ಕೊನೆಯಿಂದ. 2025ರ ಆಗಸ್ಟ್‌ನಲ್ಲಿ ತೆರೆದರೂ 2026ರ ಮಾರ್ಚ್‌ನಲ್ಲಿ ತೆರೆದರೂ ಮುಗಿಯುವುದು 2041ರ ಏಪ್ರಿಲ್ 1ಕ್ಕೆ. ಬಡ್ಡಿ ಲೆಕ್ಕ ಆಗುವುದು ಪ್ರತಿ ತಿಂಗಳ 5ನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಇದ್ದ ಕನಿಷ್ಠ ಮೊತ್ತದ ಮೇಲೆ. 1.5 ಲಕ್ಷವನ್ನು ಏಪ್ರಿಲ್ 4ರ ಬದಲು 6ಕ್ಕೆ ಹಾಕಿದರೆ ಒಂದು ತಿಂಗಳ ಬಡ್ಡಿ, ಸುಮಾರು 887 ರೂಪಾಯಿ, ಹೋಯಿತು.

ದೊಡ್ಡ ಎಡವಟ್ಟು ಆಗುವುದು 15 ವರ್ಷ ಮುಗಿದಾಗ. ದುಡ್ಡು ಕಟ್ಟುತ್ತಾ ಇನ್ನೂ ಐದು ವರ್ಷ ಮುಂದುವರಿಸಲು ಒಂದು ವರ್ಷದೊಳಗೆ ಫಾರ್ಮ್ 4 ಕೊಡಬೇಕು. ಕೊಡದೆ ಕಟ್ಟಿದ ದುಡ್ಡಿಗೆ ಬಡ್ಡಿಯೇ ಸಿಗುವುದಿಲ್ಲ. ಮಧ್ಯದಲ್ಲಿ ಹಣ ಬೇಕಾದರೆ ಏಳನೇ ಹಣಕಾಸು ವರ್ಷದಿಂದ ಭಾಗಶಃ ತೆಗೆಯಬಹುದು. ವಿದೇಶದಲ್ಲಿ ನೆಲೆಸಿದ ಅನಿವಾಸಿಗಳು ಹೊಸದಾಗಿ ತೆರೆಯುವಂತಿಲ್ಲ.

ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಬಗ್ಗೆ ಆಯ್ಕೆಯ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲ. 2006ರ ಏಪ್ರಿಲ್ 1ರಿಂದ ಕೆಲಸಕ್ಕೆ ಸೇರಿದ ಕರ್ನಾಟಕ ಸರ್ಕಾರಿ ನೌಕರರು ಇದಕ್ಕೇ ಒಳಪಟ್ಟವರು. ಖಾಸಗಿಯವರಿಗೆ ಇದರಲ್ಲಿ ನಿಜವಾದ ಲಾಭ ಇರುವುದು ಕಂಪನಿಯ ಮೂಲಕ ಕಟ್ಟಿಸಿದಾಗ. ಮೂಲ ವೇತನದ ಶೇ 14ರವರೆಗೆ ಕಂಪನಿ ಕಟ್ಟುವ ಮೊತ್ತಕ್ಕೆ ಹೊಸ ಪದ್ಧತಿಯಲ್ಲೂ ತೆರಿಗೆ ಕಡಿತ ಇದೆ. 1 ಲಕ್ಷ ಮೂಲ ವೇತನಕ್ಕೆ ಇದು ವರ್ಷಕ್ಕೆ 1.68 ಲಕ್ಷ, ಶೇ 30ರ ಸ್ಲ್ಯಾಬ್‌ನವರಿಗೆ 52,000ಕ್ಕೂ ಹೆಚ್ಚು ಉಳಿತಾಯ. ಕಂಪನಿ ಇದನ್ನು ಸಾಮಾನ್ಯವಾಗಿ ನಮ್ಮ ಸಿಟಿಸಿಯಿಂದಲೇ (ಕಂಪನಿ ನಮಗಾಗಿ ಮಾಡುವ ಒಟ್ಟು ವೆಚ್ಚ) ತೆಗೆಯುವುದರಿಂದ ಕೈಗೆ ಬರುವ ಸಂಬಳ ಇಳಿಯುತ್ತದೆ. ಸಾಲದ ಕಂತು ಕಟ್ಟುತ್ತಿರುವವರು ಅದನ್ನು ಮೊದಲು ನೋಡಿಕೊಳ್ಳಲಿ. ಈ ಸೌಲಭ್ಯ ಇಲ್ಲದ, ಹೊಸ ಪದ್ಧತಿಯಲ್ಲಿ ಇರುವವರು ತಾವೇ ಎನ್‌ಪಿಎಸ್‌ಗೆ ಕಟ್ಟಲು ಅವಸರ ಪಡಬೇಕಿಲ್ಲ.

ಕಾರಣ, ಕೊನೆಯಲ್ಲಿ ಇರುವ ಬಿಗಿ. 2025ರ ಡಿಸೆಂಬರ್‌ನ ತಿದ್ದುಪಡಿಯಂತೆ ಸರ್ಕಾರೇತರ ಚಂದಾದಾರರು ಕೂಡಿದ ಗಂಟು 12 ಲಕ್ಷ ಮೀರಿದರೆ ಅದರ ಶೇ 20ರಷ್ಟಾದರೂ ಆನ್ಯುಯಿಟಿಗೆ (ತಿಂಗಳ ಪಿಂಚಣಿ ಕೊಡುವ ಯೋಜನೆಗೆ) ಹಾಕಲೇಬೇಕು. ಹಿಂದೆ ಇದು ಶೇ 40 ಇತ್ತು, ಸರ್ಕಾರಿ ನೌಕರರಿಗೆ ಈಗಲೂ ಅಷ್ಟೇ. ಅವಧಿಗೆ ಮೊದಲೇ ಹೊರಬಂದರೆ ಆನ್ಯುಯಿಟಿಗೆ ಹಾಕಬೇಕಾದದ್ದು ಶೇ 80. ಶೇ 6ರ ದರದಲ್ಲಿ 10 ಲಕ್ಷದ ಆನ್ಯುಯಿಟಿ ಕೊಡುವುದು ತಿಂಗಳಿಗೆ 5,000, ಅದಕ್ಕೂ ತೆರಿಗೆ ಇದೆ, ಬೆಲೆ ಏರಿದರೂ ಅದು ಏರುವುದಿಲ್ಲ. ಒಟ್ಟಿಗೆ ಕೈಗೆ ತೆಗೆಯುವ ಇಡುಗಂಟಿನ ತೆರಿಗೆ ವಿನಾಯಿತಿ ಕಾನೂನಿನಲ್ಲಿ ಬರೆದಿದ್ದದ್ದು ಶೇ 60ಕ್ಕೆ. ಶೇ 80 ತೆಗೆಯುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳಿ. ಮೂವತ್ತರ ಹರೆಯದವರು ಸೇರುವುದಾದರೆ, ಹಣ ಎಲ್ಲಿ ಹೂಡಬೇಕೆಂದು ನಾವೇ ಆರಿಸುವ ಆಕ್ಟಿವ್ ಚಾಯ್ಸ್‌ನಲ್ಲಿ ಷೇರಿನ ಪಾಲು ಹೆಚ್ಚಿಡಬೇಕು. ಷೇರು ಬೇಡ ಎನ್ನುವವರಿಗೆ ವಿಪಿಎಫ್ ಇರುವಾಗ ಎನ್‌ಪಿಎಸ್‌ನಲ್ಲಿ ಕೆಲಸವಿಲ್ಲ.

ಆದಾಯ ತೆರಿಗೆ ಕಟ್ಟದ, 18ರಿಂದ 40 ವಯಸ್ಸಿನವರಿಗೆ ಅಟಲ್ ಪಿಂಚಣಿ ಇದೆ: 18ಕ್ಕೆ ಸೇರಿದರೆ ತಿಂಗಳಿಗೆ 210 ರೂಪಾಯಿ, 40ಕ್ಕೆ ಸೇರಿದರೆ 1,454, ಅರವತ್ತಾದ ಮೇಲೆ ತಿಂಗಳಿಗೆ 5,000.

ಯಾವ ಖಾತೆಯಾದರೂ ನಾಮಿನಿ ಹೆಸರನ್ನು ಇವತ್ತೇ ನೋಡಿ. ಮದುವೆಗೆ ಮುಂಚೆ ಪಿಎಫ್‌ನಲ್ಲಿ ಅಪ್ಪ ಅಮ್ಮನ ಹೆಸರು ಕೊಟ್ಟಿದ್ದರೆ, ಮದುವೆಯಾದ ಕೂಡಲೇ ಅದು ಅಸಿಂಧು. ಪೋರ್ಟಲ್‌ನಲ್ಲಿ ಇ-ನಾಮಿನೇಷನ್ ತೆರೆದು, ಮನೆಯವರ ಆಧಾರ್ ಸಂಖ್ಯೆ, ಫೋಟೊ ಹಾಕಿ, ಪಾಲು ಹಂಚಿ, ಕೊನೆಗೆ ಆಧಾರ್ ಒಟಿಪಿ ಮೂಲಕ ಇ-ಸೈನ್ ಮಾಡಬೇಕು. ಸೇವ್ ಒತ್ತಿ ಇ-ಸೈನ್ ಬಿಟ್ಟರೆ ಅರ್ಜಿ ಬಾಕಿಯೆಂದೇ ಉಳಿಯುತ್ತದೆ, ನಾಮಿನಿ ದಾಖಲಾಗುವುದಿಲ್ಲ.