ಪೆಪ್ಪರ್ ಸ್ಪ್ರೇ: ಯಾವುದು ಕೊಳ್ಳಬೇಕು, ಎಲ್ಲಿ ಕೈಕೊಡುತ್ತದೆ

ಮಾರುಕಟ್ಟೆಯಲ್ಲಿ ಸಿಗುವ ಪೆಪ್ಪರ್ ಸ್ಪ್ರೇಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಮಂಜಾಗಿ ಹರಡುತ್ತದೆ, ಇನ್ನೊಂದು ನೇರ ಧಾರೆಯಾಗಿ ಹೊಡೆಯುತ್ತದೆ. ಮೈಸೂರಿನವರು ಧಾರೆಯದ್ದನ್ನೇ ಕೊಳ್ಳಿ. ಹರಡುವುದಕ್ಕೆ ಅಷ್ಟು ಗುರಿ ಬೇಡ, ನಿಜ. ಆದರೆ ಆಷಾಢದಲ್ಲಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಎದುರುಗಾಳಿಗೆ ಒತ್ತಿದರೆ ಮೊದಲು ಉರಿಯುವುದು ಒತ್ತಿದವರ ಕಣ್ಣೇ. ಬಸ್ಸು, ಲಿಫ್ಟಿನೊಳಗಂತೂ ಎರಡೂ ಎಲ್ಲರನ್ನೂ ಕೆಮ್ಮಿಸುತ್ತವೆ.

ಕೀಚೈನಿನ ಪುಟ್ಟ ಡಬ್ಬಿಗಿಂತ ಮುಷ್ಟಿ ತುಂಬ ಹಿಡಿಯುವ, ಲಾಕ್ ಇರುವ ಡಬ್ಬಿ ವಾಸಿ. ನಾಲ್ಕು ಬೆರಳಲ್ಲಿ ಬಿಗಿಯಾಗಿ ಹಿಡಿದು ಹೆಬ್ಬೆರಳಲ್ಲಿ ಒತ್ತಬೇಕು. ತೋರುಬೆರಳಲ್ಲಿ ಒತ್ತಿದರೆ ಹಿಡಿತ ಸಡಿಲವಾಗಿ ಡಬ್ಬಿ ಕಿತ್ತುಕೊಳ್ಳುವುದು ಸುಲಭ. ಎರಡು ಮೂರು ಮೀಟರ್ ದೂರದಿಂದ ಕಣ್ಣಿಗೆ ಗುರಿಯಿಟ್ಟು ಒಂದು ಸೆಕೆಂಡು ಒತ್ತಿ, ಪಕ್ಕಕ್ಕೆ ಸರಿದು ಇನ್ನೊಮ್ಮೆ ಒತ್ತಿ ಓಡಿ. ಪೆಟ್ಟು ತಗುಲಿತೋ ಇಲ್ಲವೋ ಎಂದು ನೋಡುತ್ತಾ ನಿಲ್ಲಲೇಬೇಡಿ. ಉರಿ ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೆ ಇರುತ್ತದೆ. ಆದರೆ ಕುಡಿದವನಿಗೋ ಕನ್ನಡಕ ಹಾಕಿದವನಿಗೋ ತಟ್ಟುವುದು ತಡವಾಗಬಹುದು.

"ಒತ್ತಿದರೆ ಏನೂ ಬರಲಿಲ್ಲ" ಎನ್ನುವ ದೂರಿಗೆ ಸಾಮಾನ್ಯ ಕಾರಣ, ಒಳಗಿನ ಗ್ಯಾಸ್ ವರ್ಷ ಕಳೆದಂತೆ ಸೋರಿಹೋಗಿರುವುದು. ಡಬ್ಬಿ ಮೇಲಿನ ಅವಧಿ ಮುಗಿದರೆ ಬದಲಿಸಿ. ಕೊಂಡ ತಕ್ಷಣ ಬಯಲಿನಲ್ಲಿ, ಗಾಳಿ ಹೋಗುವ ದಿಕ್ಕಿಗೆ ಅರ್ಧ ಸೆಕೆಂಡು ಒತ್ತಿ ಧಾರೆ ಎಷ್ಟು ದೂರ ಹೋಗುತ್ತದೆಂದು ನೋಡಿಕೊಳ್ಳಿ. ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ. ಬ್ಯಾಗಿನ ತಳದಲ್ಲಿದ್ದರೆ ಸಮಯಕ್ಕೆ ಸಿಗುವುದಿಲ್ಲ; ನಡೆಯುವಾಗ ಕೈಯಲ್ಲೇ ಇರಲಿ. ನಿಮಗೇ ತಗುಲಿದರೆ ಉಜ್ಜದೆ ತಣ್ಣೀರಲ್ಲಿ ಕಾಲು ಗಂಟೆ ಕಣ್ಣು ತೊಳೆಯಿರಿ. ಈ ಖಾರ ಎಣ್ಣೆಯಂಥದ್ದು, ಬರೀ ನೀರಿಗೆ ಬಿಡುವುದಿಲ್ಲ, ಚರ್ಮಕ್ಕೆ ಸೋಪು ಬೇಕು.

ಆತ್ಮರಕ್ಷಣೆಗೆ ಬಳಸುವುದು ತಪ್ಪಲ್ಲ. ಭಾರತೀಯ ನ್ಯಾಯ ಸಂಹಿತೆಯ 34, 35ನೇ ಸೆಕ್ಷನ್‌ಗಳು ಆ ಹಕ್ಕು ಕೊಡುತ್ತವೆ, ಆದರೆ ಅಪಾಯ ತಪ್ಪಿದ ಮೇಲೆ ಸಿಟ್ಟಿಗೆ ಹೊಡೆದರೆ ಆ ರಕ್ಷಣೆ ಸಿಗುವುದಿಲ್ಲ.

ಈ ಡಬ್ಬಿ ಕೊಡುವುದು ಓಡುವಷ್ಟು ಸಮಯ ಮಾತ್ರ. ಜನ ಇರುವ ಕಡೆ ತಲುಪಿದ ಕೂಡಲೇ 112ಕ್ಕೆ ಕರೆ ಮಾಡಿ. "ನಮ್ಮ ಲಿಮಿಟ್ಸ್ ಅಲ್ಲ" ಎಂದು ಠಾಣೆಯವರು ಕಳಿಸುವಂತಿಲ್ಲ, ಝೀರೋ ಎಫ್‌ಐಆರ್ (ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಾಗಿದ್ದರೂ ದಾಖಲಿಸುವ ದೂರು) ಮಾಡಲೇಬೇಕು, ಅದರ ಪ್ರತಿ ನಿಮಗೆ ಉಚಿತ. ಗಾಯವಾಗಿದ್ದರೆ ಕೆ.ಆರ್. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗುವ ವೈದ್ಯಕೀಯ ದಾಖಲೆ) ಬರೆಸಿ. ಲೈಂಗಿಕ ಹಲ್ಲೆಯಾಗಿದ್ದರೆ ಸ್ನಾನ ಮಾಡದೆ ಹೋಗಿ, ಬಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಲ್ಲ, ಕಾಗದದ ಕವರಿನಲ್ಲಿ ಒಯ್ಯಿರಿ. ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಸಾಕ್ಷ್ಯ ಕೆಡುತ್ತದೆ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಸರ್ಕಾರಿ ಇರಲಿ ಖಾಸಗಿ ಇರಲಿ, ಅತ್ಯಾಚಾರಕ್ಕೆ ಒಳಗಾದವರಿಗೆ ಯಾವ ಆಸ್ಪತ್ರೆಯೂ ಉಚಿತ ಚಿಕಿತ್ಸೆ ನಿರಾಕರಿಸುವಂತಿಲ್ಲ.