ಲೆಗೋ ರೈಲಿಗೆ ದೀಪ: ಎರಡು ಮಳೆಗಾಲ ಕಂಡ ಕಿಟ್ಟಿನ ವಿಮರ್ಶೆ

ಹೊಸದರಲ್ಲಿ ಬರೆದ ವಿಮರ್ಶೆ ನಂಬಿ ಲೈಟ್ ಕಿಟ್ ಕೊಳ್ಳಬೇಡಿ. ಡಬ್ಬಿ ಬಿಚ್ಚಿದ ದಿನ ಎಲ್ಲ ಎಲ್‌ಇಡಿಯೂ ಉರಿಯುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ಐದು ಸ್ಟಾರ್ ಬಿದ್ದುಬಿಡುತ್ತದೆ. ಅಸಲಿ ಪರೀಕ್ಷೆ ಆರಿದ್ರೆ ಮಳೆ ಹಿಡಿದ ಮೇಲೆ. ಶಿವಮೊಗ್ಗದಲ್ಲೇ ಬೀರುವಿನೊಳಗಿನ ಬಟ್ಟೆಗೆ ಬೂಷ್ಟು ಬರುವ ದಿನಗಳು ಅವು. ತೀರ್ಥಹಳ್ಳಿ, ಆಗುಂಬೆ ಕಡೆಯ ಮನೆಗಳ ಮಾತು ಬೇರೆಯೇ.

ಇಲ್ಲಿ ಹೇಳುತ್ತಿರುವುದು ಎರಡು ಸಾಮಾನಿನ ಬಗ್ಗೆ. ಒಂದು, ಲೆಗೋ ಕಂಪನಿಯದೇ ಆದ 88005 ಲೈಟು. ಇನ್ನೊಂದು, ಆನ್‌ಲೈನಿನಲ್ಲಿ ಸಿಗುವ, ಬ್ರಾಂಡ್ ಹೆಸರಿಲ್ಲದ 12 ಎಲ್‌ಇಡಿಗಳ ಕಿಟ್: ಎಂಟು ಬೆಚ್ಚನೆಯ ಬಿಳಿ, ಎರಡು ತಣ್ಣನೆಯ ಬಿಳಿ, ಎರಡು ಕೆಂಪು, ಜೊತೆಗೆ ಮೂರು ಎಎಎ ಸೆಲ್ಲಿನ ಡಬ್ಬಿ ಒಂದು, ಬಟನ್ ಸೆಲ್ಲಿನ ಡಬ್ಬಿ ಎರಡು, ವೈರು ಕವಲೊಡೆಯುವ ಪುಟ್ಟ ಬೋರ್ಡುಗಳು. ರೈಲು 2018ರ 60197 ಸೆಟ್ಟಿನ ಇಂಜಿನ್, ಹಿಂದೆ ತಾಳಗುಪ್ಪ ಗಾಡಿಯ ಹಳೆಯ ನೀಲಿ ಬೋಗಿಗಳ ಮಾದರಿಯಲ್ಲಿ ಕಟ್ಟಿದ ಮೂರು ಬೋಗಿ. ತಲಾ 6 ಸ್ಟಡ್ (ಇಟ್ಟಿಗೆಯ ತಲೆಯ ಮೇಲಿನ ಗುಬುಟು) ಅಗಲ, 28 ಸ್ಟಡ್ ಉದ್ದ.

ಚುಟುಕಾಗಿ ಬೇಕಾದವರಿಗೆ: ಇಂಜಿನ್ನಿಗೆ 88005 ಹಾಕಿ, ಬೋಗಿಗಳಿಗೆ ಕಿಟ್ ಹಾಕಿ, ಕಿಟ್ಟಿನ ಮೂರೂ ಸೆಲ್ ಡಬ್ಬಿಗಳನ್ನು ಪಕ್ಕಕ್ಕಿಡಿ. ಕಿಟ್ಟಿಗೆ ಐದರಲ್ಲಿ ಮೂರು ಸ್ಟಾರ್. ಆ ಮೂರು ಸ್ಟಾರೂ ಎಲ್‌ಇಡಿಗಳಿಗೆ ಸಲ್ಲಬೇಕು.

ಇಂಜಿನ್ನಿನ ಕೆಲಸ ಹತ್ತು ನಿಮಿಷದ್ದು. 60197ರಲ್ಲಿ ಬರುವ 88009 ಹಬ್ಬಿಗೆ, ಅಂದರೆ ಸೆಲ್ಲು ಹಾಕುವ, ರಿಮೋಟಿನ ಮಾತು ಕೇಳುವ ಡಬ್ಬಿಗೆ, ಎರಡು ಪೋರ್ಟು. ಎ ಪೋರ್ಟಿನಲ್ಲಿ 88011 ಮೋಟಾರು, ಬಿ ಖಾಲಿ. ಲೈಟನ್ನು ಬಿಗೆ ಚುಚ್ಚಿದರೆ ರಿಮೋಟಿನ ಇನ್ನೊಂದು ಪಕ್ಕದ ಗುಂಡಿಗಳಿಂದ ಬೆಳಕನ್ನು ಹಂತಹಂತವಾಗಿ ಏರಿಸಬಹುದು. ಎಲ್‌ಇಡಿಯ ತಲೆ ಟೆಕ್ನಿಕ್ ಇಟ್ಟಿಗೆಯ ತೂತಿನೊಳಗೆ ಸರಿಯಾಗಿ ಕೂರುತ್ತದೆ. ಮುಂದೆ 1x1 ಪಾರದರ್ಶಕ ದುಂಡು ಪ್ಲೇಟು ಹಾಕಿದರೆ ಹೆಡ್‌ಲೈಟ್ ಸಿದ್ಧ. ಒಂದೇ ಪ್ಲಗ್ಗಿನಿಂದ ಎರಡು ಎಲ್‌ಇಡಿ ಹೊರಡುತ್ತವೆ, ಎರಡೂ ಒಟ್ಟಿಗೇ ಉರಿಯುತ್ತವೆ, ಒಟ್ಟಿಗೇ ಆರುತ್ತವೆ. ಮುಂದೆ ಹೋದರೆ ಬಿಳಿ, ಹಿಂದೆ ಬಂದರೆ ಕೆಂಪು ಎಂಬ ಆಟ ಇದರಲ್ಲಿ ಆಗುವುದಿಲ್ಲ.

ಕೊಳ್ಳುವಾಗ ಹಲವರು ಎಡವುವುದು ನಂಬರಿನಲ್ಲಿ. 8870 ಎಂಬ ಹಳೆಯ ಲೈಟು ಪವರ್ ಫಂಕ್ಷನ್ಸ್ ಎಂಬ ಲೆಗೋದ ಹಿಂದಿನ ಮೋಟಾರು-ಲೈಟು ವ್ಯವಸ್ಥೆಯ ಕಾಲದ್ದು, ಅದರ ಪ್ಲಗ್ ಹೊಸ ಹಬ್ಬಿಗೆ ಕೂರುವುದೇ ಇಲ್ಲ. ಹಳೆಯ ಪ್ಲಗ್ಗುಗಳನ್ನು ಒಂದರ ಮೇಲೊಂದು ಪೇರಿಸಬಹುದಿತ್ತು, ಹೊಸದರಲ್ಲಿ ಆ ಸೌಲಭ್ಯ ತೆಗೆದಿದ್ದಾರೆ. ಹಾಗಾಗಿ ರೈಲಿಗೆ ಎರಡು ಮೋಟಾರು ಹಾಕಿದವರಿಗೆ ಲೈಟಿಗೆ ಪೋರ್ಟೇ ಉಳಿಯುವುದಿಲ್ಲ. ಮೋಟಾರಿನ ವೈರು ಸೀಳಿ ಅಲ್ಲಿಂದಲೇ ಕರೆಂಟು ಕದಿಯುವ ಸಲಹೆಯೂ ಓಡಾಡುತ್ತಿದೆ. ಆ ತಂತಿಯಲ್ಲಿ ಬರುವುದು ತುಂಡುತುಂಡಾದ ಕರೆಂಟು: ರೈಲು ನಿಧಾನವಾದರೆ ದೀಪ ಮಂಕು, ನಿಂತರೆ ಕತ್ತಲೆ, ಹಿಂದಕ್ಕೆ ಚಲಿಸಿದರೆ ಧ್ರುವ ತಿರುಗಿ ಮತ್ತೆ ಕತ್ತಲೆ. ನಿಲ್ದಾಣದಲ್ಲಿ ನಿಂತ ಗಾಡಿಯ ಕಿಟಕಿ ಬೆಳಗದಿದ್ದರೆ ದೀಪ ಹಾಕಿ ಏನು ಬಂತು?

ಬೋಗಿಗಳಿಗೆ ಬೇರೆಯದೇ ಸೆಲ್ಲು ಬೇಕು, ಕಿಟ್ಟು ಮೊದಲು ಸೋಲುವುದು ಅಲ್ಲೇ. 6 ಸ್ಟಡ್ ಅಗಲದ ಬೋಗಿ ಹೊರಗಿನಿಂದ 48 ಮಿ.ಮೀ.; ಎರಡೂ ಗೋಡೆ ಕಳೆದರೆ ಒಳಗೆ ಉಳಿಯುವುದು 4 ಸ್ಟಡ್, ಅಂದರೆ 32 ಮಿ.ಮೀ. ಕಿಟ್ಟಿನ ಡಬ್ಬಿಯಲ್ಲಿ ಮೂರು ಎಎಎ ಸೆಲ್ಲು ಪಕ್ಕಪಕ್ಕ ಮಲಗುತ್ತವೆ. ಒಂದು ಸೆಲ್ಲು 10.5 ಮಿ.ಮೀ. ದಪ್ಪ, ಮೂರಕ್ಕೆ 31.5, ಅದರ ಮೇಲೆ ಡಬ್ಬಿಯ ಗೋಡೆ. ಕೂರುವುದಿಲ್ಲ. ಕಟ್ಟಡಗಳ ಹಿಂದೆ ಅಡಗಿಸಿಡಲು ಮಾಡಿದ ಡಬ್ಬಿ ಅದು, ರೈಲಿಗಲ್ಲ. ಎರಡರ ಮೇಲೆ ಎರಡು ಪೇರಿಸುವ ನಾಲ್ಕು ಎಎಎ ಹೋಲ್ಡರ್ ಎಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಸುಮಾರು 25 ಮಿ.ಮೀ. ಚೌಕ, 7 ಸ್ಟಡ್ ಉದ್ದದ ಜಾಗ ಸಾಕು. ಅದನ್ನು ನಡುವಿನ ಬೋಗಿಯಲ್ಲಿ, ಶೌಚಾಲಯದ ಮೂಲೆಯೆಂದು ಕಿಟಕಿ ಮುಚ್ಚಿದ ಕಡೆ ಇಟ್ಟರೆ ಹೊರಗೆ ಕಾಣುವುದಿಲ್ಲ. ನಡುವಿನ ಬೋಗಿಯಲ್ಲೇ ಇಡಲು ಕಾರಣವಿದೆ: ಮುಂದಕ್ಕೊಂದು, ಹಿಂದಕ್ಕೊಂದು ವೈರು ಹೋಗುತ್ತದೆ, ಯಾವ ವೈರೂ ಒಂದಕ್ಕಿಂತ ಹೆಚ್ಚು ಕೊಂಡಿ ದಾಟಬೇಕಿಲ್ಲ.

ಮೂರರ ಬದಲು ನಾಲ್ಕು ಸೆಲ್ಲು ಹಾಕಲು ಅಗಲವೊಂದೇ ಕಾರಣವಲ್ಲ. ಕಿಟ್ಟಿನ ಪ್ರತಿ ಎಲ್‌ಇಡಿಯ ಬಾಲದಲ್ಲಿ ಕರೆಂಟಿಗೆ ಕಡಿವಾಣ ಹಾಕುವ, 391 ಎಂದು ಅಚ್ಚಾದ ಪುಟಾಣಿ ರೆಸಿಸ್ಟರ್ ಇದೆ. 39ರ ಮುಂದೆ ಒಂದು ಸೊನ್ನೆ, ಅಂದರೆ 390 ಓಮ್. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. ಹೊಸ ಆಲ್ಕಲೈನ್ ಸೆಲ್ಲು ಮೂರಾದರೆ 4.5 ವೋಲ್ಟ್, ಉಳಿದ 1.5 ವೋಲ್ಟನ್ನು 390ರಿಂದ ಭಾಗಿಸಿದರೆ 3.8 ಮಿಲಿಆಂಪ್, ಒಳ್ಳೆಯ ಬೆಳಕು. ಅದೇ ಡಬ್ಬಿಗೆ ರೀಚಾರ್ಜಬಲ್ ಸೆಲ್ಲು ಹಾಕಿ: ತಲಾ 1.2ರಂತೆ 3.6 ವೋಲ್ಟ್, ಉಳಿಯುವುದು 0.6, ಬರುವುದು ಸುಮಾರು ಒಂದೂವರೆ ಮಿಲಿಆಂಪ್. ಬೋಗಿಯೊಳಗೆ ಬುಡ್ಡಿ ದೀಪ ಇಟ್ಟಂತೆ. "ಕಿಟ್ಟು ಡಲ್ಲು" ಎನ್ನುವ ದೂರುಗಳಲ್ಲಿ ಬಹುಪಾಲು ಇದರದ್ದೇ ಇರಬೇಕು. ನಾಲ್ಕು ರೀಚಾರ್ಜಬಲ್ ಹಾಕಿದರೆ 4.8 ವೋಲ್ಟ್, 4.6 ಮಿಲಿಆಂಪ್. ಎಂಟು ಎಲ್‌ಇಡಿಗೆ ಒಟ್ಟು 37. 800 ಮಿಲಿಆಂಪ್-ಅವರ್ ಸೆಲ್ಲಿನಲ್ಲಿ ಲೆಕ್ಕದ ಪ್ರಕಾರ 20 ಗಂಟೆಗೂ ಮೇಲೆ. ತಪ್ಪಿ ನಾಲ್ಕು ಆಲ್ಕಲೈನ್ ಹಾಕಿದರೂ 7.7 ಮಿಲಿಆಂಪ್ ಅಷ್ಟೇ, ಏನೂ ಸುಡುವುದಿಲ್ಲ.

ಕಿಟ್ಟಿಲ್ಲದೆ ಬಿಡಿ ಎಲ್‌ಇಡಿ ತಂದು ಮಾಡುವವರಿಗೂ ಇದೇ ಲೆಕ್ಕ. 9 ವೋಲ್ಟಿನ ಮೂಲವಾದರೆ ಬಿಳಿಗೆ 1.2 ಕಿಲೋಓಮ್ (ರೆಸಿಸ್ಟರಿನ ಪಟ್ಟಿಗಳು ಕಂದು, ಕೆಂಪು, ಕೆಂಪು), ಕೆಂಪಿಗೆ 1.5 ಕಿಲೋಓಮ್ (ಕಂದು, ಹಸಿರು, ಕೆಂಪು). ಎರಡು ಬಿಳಿಯನ್ನು ಸರಣಿಯಲ್ಲಿ ಕಟ್ಟಿ ರೆಸಿಸ್ಟರ್ ಉಳಿಸುವ ಆಸೆ ಬೇಡ; ಸೆಲ್ಲು 7 ವೋಲ್ಟಿಗೆ ಇಳಿದಾಗ ಎರಡೂ ಜೊತೆಯಾಗಿ ಮಂಕಾಗುತ್ತವೆ. ಒಂದಕ್ಕೊಂದು ರೆಸಿಸ್ಟರ್ ಇರಲಿ.

12ರಲ್ಲಿ ಮೂರು ದೀಪ ಈವರೆಗೆ ಆರಿವೆ. ಮೂರರಲ್ಲೂ ಎಲ್‌ಇಡಿ ಕೆಟ್ಟಿರಲಿಲ್ಲ, ತೊಂದರೆ ಇದ್ದದ್ದು ವೈರಿನಲ್ಲಿ.

ಎರಡು ತುಂಡಾದದ್ದು ಇಟ್ಟಿಗೆಯ ಅಂಚಿನಲ್ಲಿ. ಸ್ಟಡ್ಡಿಂದ ಸ್ಟಡ್ಡಿಗೆ 8 ಮಿ.ಮೀ., ಸ್ಟಡ್ಡಿನ ದಪ್ಪ 4.8, ನಡುವೆ 3.2 ಮಿ.ಮೀ. ಓಣಿ. ಕೂದಲೆಳೆಯಂಥ ವೈರಿಗೆ ಅದು ರಾಜಬೀದಿ. ಆದರೆ ಮೇಲಿನ ಇಟ್ಟಿಗೆಯ ಗೋಡೆ ಕೆಳಗಿನ ಪ್ಲೇಟಿಗೆ ತಾಗುವ ಗೆರೆಯಲ್ಲಿ ಸಂದೇ ಇಲ್ಲ. ಅಲ್ಲಿ ವೈರು ಸಿಕ್ಕಿ ಜಜ್ಜಿಹೋಗುತ್ತದೆ, ಛಾವಣಿಯನ್ನು ನಾಲ್ಕು ಸಲ ತೆಗೆದು ಹಾಕುವಷ್ಟರಲ್ಲಿ ತುಂಡು. ದಾಟಿಸಲೇಬೇಕಾದ ಕಡೆ ಇಟ್ಟಿಗೆಯ ಬದಲು ಟೈಲ್ (ಮೇಲೆ ಸ್ಟಡ್ ಇಲ್ಲದ ನುಣುಪು ಪ್ಲೇಟು) ಹಾಕಿ. ಟೈಲಿನ ಬುಡದಲ್ಲಿ ಸುತ್ತಲೂ ಸಣ್ಣ ತೋಡು ಇರುತ್ತದೆ, ವೈರು ಅದರಲ್ಲಿ ನುಸುಳುತ್ತದೆ. ದೀಪಗಳನ್ನು ಛಾವಣಿಗೆ ಅಂಟಿಸುವುದಾದರೆ ಛಾವಣಿ ಮತ್ತು ಬೋಗಿಯ ನಡುವೆ 60 ಮಿ.ಮೀ. ವೈರು ಸಡಿಲ ಬಿಡಿ, ಇಲ್ಲವಾದರೆ ಸೆಲ್ಲು ಬದಲಿಸಲು ಛಾವಣಿ ಎತ್ತಿದಾಗಲೆಲ್ಲ ಬೆಸುಗೆಯೇ ಕಿತ್ತು ಬರುತ್ತದೆ.

ಮೂರನೆಯದು ಮಳೆಗಾಲದ ಕೊಡುಗೆ. ಎನಾಮಲ್ ಬಳಿದ ತಾಮ್ರದ ತಂತಿಯನ್ನು ಬೆಸೆಯುವ ಜಾಗದಲ್ಲಿ ಲೇಪ ಸುಟ್ಟಿರುತ್ತಾರೆ. ಬೆಸುಗೆಗೂ ಲೇಪಕ್ಕೂ ನಡುವೆ ಅರ್ಧ ಮಿ.ಮೀ. ಬರಿ ತಾಮ್ರ ಉಳಿದಿತ್ತು, ಪುಷ್ಯ ಮಳೆ ಮುಗಿಯುವಷ್ಟರಲ್ಲಿ ಅಲ್ಲಿ ಹಸಿರು ಕಿಲುಬು. ತಂತಿಯನ್ನು ಮತ್ತೆ ಬೆಸೆಯುವಾಗ ಲೇಪವನ್ನು ಬ್ಲೇಡಿನಿಂದ ಕೆರೆಯಬೇಡಿ, ತಂತಿಯೇ ಕಚ್ಚಿಹೋಗುತ್ತದೆ. ಕಾದ ಸೋಲ್ಡರ್ ಹನಿಯೊಳಗೆ ತುದಿಯನ್ನು ಮೂರು ನಾಲ್ಕು ಸೆಕೆಂಡು ಅದ್ದಿ ಹಿಡಿದರೆ ಲೇಪ ತಾನಾಗಿ ಸುಡುತ್ತದೆ. ಬೆಸೆದ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಕೈ. ಇಟ್ಟಿಗೆಗಳಿಂದ ದೂರವಿಟ್ಟು ಬಳಿದು, ಪೂರ್ತಿ ಒಣಗಿದ ಮೇಲೆಯೇ ಒಳಗೆ ಕೂರಿಸಿ; ಅದರ ದ್ರಾವಕ ಇಟ್ಟಿಗೆಯ ಎಬಿಎಸ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಸೂಪರ್‌ಗ್ಲೂ ಬೇಡವೇ ಬೇಡ, ಅದರ ಹಬೆ ಪಾರದರ್ಶಕ ಕಿಟಕಿಗಳ ಮೇಲೆ ಬೂದಿ ಬಳಿದಂತೆ ಕೂರುತ್ತದೆ.

ಕೊಂಡಿ ದಾಟುವ ವೈರಿಗೆ ಕಿಟ್ಟಿನ ಪ್ಲಗ್ಗುಗಳು ತೀರಾ ಸಣ್ಣವು, ಕೆಲವೇ ಸಲ ಬಿಚ್ಚಿ ಹಾಕುವಷ್ಟರಲ್ಲಿ ಸಡಿಲ. 1.25 ಮಿ.ಮೀ. ಎರಡು ಪಿನ್ನಿನ ಕನೆಕ್ಟರ್ ತಂದು ಬೆಸೆದ ಮೇಲೆ ತಕರಾರಿಲ್ಲ. ಲೆಗೋ ತಿರುವು 40 ಸ್ಟಡ್ ತ್ರಿಜ್ಯದ್ದು, ಅಂದರೆ ಬರೀ 32 ಸೆಂ.ಮೀ.; ಇಷ್ಟುದ್ದದ ಬೋಗಿಗಳ ಮೂಲೆ ಒಂದು ಕಡೆ ಹತ್ತಿರ ಬಂದರೆ ಇನ್ನೊಂದು ಕಡೆ ದೂರ ಸರಿಯುತ್ತದೆ. ನೇರ ಹಳಿಯಲ್ಲಿ ಬೇಕಾದ್ದಕ್ಕಿಂತ 25ರಿಂದ 30 ಮಿ.ಮೀ. ಹೆಚ್ಚು ಬಿಟ್ಟು, ವೈರನ್ನು ಅಯಸ್ಕಾಂತದ ಕೊಂಡಿಯ ಮಟ್ಟದಲ್ಲಿ ಅಲ್ಲ, ಬೋಗಿಯ ಬಾಗಿಲಿನ ಎತ್ತರದಲ್ಲಿ ದಾಟಿಸಿ. ಕೆಳಗೆ ಜೋತುಬಿದ್ದ ವೈರು ಚಕ್ರಕ್ಕೆ ಸುತ್ತಿಕೊಂಡರೆ ಇಡೀ ಗಾಡಿ ಹಳಿ ತಪ್ಪುತ್ತದೆ.

ಕೊನೆಯ ಬೋಗಿಗೆ ಕಿಟ್ಟಿನ ಕೆಂಪು ದೀಪ ಸುಮ್ಮನೆ ಉರಿಯುತ್ತದೆ. ನಮ್ಮ ರೈಲಿನ ಹಿಂದೆ ರಾತ್ರಿ ಕಾಣುವುದು ಮಿನುಗುವ ಕೆಂಪು ದೀಪ. ತಾನಾಗಿ ಮಿನುಗುವ 3 ಮಿ.ಮೀ. ಕೆಂಪು ಎಲ್‌ಇಡಿ ಬಿಡಿಯಾಗಿ ಸಿಗುತ್ತದೆ. 4070 ನಂಬರಿನ ಹೆಡ್‌ಲೈಟ್ ಇಟ್ಟಿಗೆಯ ಟೊಳ್ಳು ಸ್ಟಡ್ಡಿನೊಳಗೆ ಹಿಂದಿನಿಂದ ತೂರಿಸಿದರೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ. 390 ಓಮ್ ಸಾಕು. ಆದರೆ ಅದಕ್ಕೆ ತನ್ನದೇ ದಾರಿ ಇರಲಿ; ಬೇರೆ ದೀಪದೊಂದಿಗೆ ಸರಣಿಯಲ್ಲಿ ಕಟ್ಟಿದರೆ ಅದೂ ಜೊತೆಯಲ್ಲಿ ಮಿನುಗಿ ಬೋಗಿ ಜಾತ್ರೆಯ ಪೆಂಡಾಲಾಗುತ್ತದೆ. ಪಕ್ಕದಲ್ಲೊಂದು ಹಳದಿ ಟೈಲಿನ ಮೇಲೆ 'ಎಲ್‌ವಿ' (ಲಾಸ್ಟ್ ವೆಹಿಕಲ್, ಕೊನೆಯ ಬೋಗಿ) ಎಂದು ಬರೆದರೆ ಗಾಡಿ ಪೂರ್ತಿ.

ಬೆಳಕು ಸೋರುವ ಬಗ್ಗೆ ಒಂದು ಮಾತು. ನೀಲಿ ಇಟ್ಟಿಗೆ ಪರವಾಗಿಲ್ಲ, ಬಿಳಿ ಮತ್ತು ಹಳದಿ ಇಟ್ಟಿಗೆಗಳು ಲಾಟೀನಿನ ಗಾಜಿನಂತೆ ಹೊಳೆಯುತ್ತವೆ. ದೀಪದ ಹಿಂದೆ ಒಂದು ಸಾಲು ಕಪ್ಪು ಪ್ಲೇಟು ಹಾಕಿ. ಅಲ್ಯೂಮಿನಿಯಂ ಟೇಪು ಇನ್ನೂ ಚೆನ್ನ, ಆದರೆ ಅದು ಕರೆಂಟು ಹಾಯಿಸುತ್ತದೆ. ಮೇಲೊಂದು ಇನ್ಸುಲೇಷನ್ ಟೇಪು ಇಲ್ಲದೆ ಬೆಸುಗೆಗೆ ತಾಗಿದರೆ ಸೆಲ್ಲು ಶಾರ್ಟ್.

ಬಟನ್ ಸೆಲ್ಲಿನ ಡಬ್ಬಿಗಳನ್ನು ಪಕ್ಕಕ್ಕಿಡಿ ಎಂದದ್ದು ಬೆಳಕಿನ ಕೊರತೆಗಾಗಿ ಮಾತ್ರವಲ್ಲ. ಸಿಆರ್2032 ಮೂರು ವೋಲ್ಟಿನದು, ಬಿಳಿ ಎಲ್‌ಇಡಿಯನ್ನು ಹೊತ್ತಿಸಲು ಅದು ಏದುಸಿರು ಬಿಡುತ್ತದೆ ನಿಜ. ದೊಡ್ಡ ಆಕ್ಷೇಪ ಎಂದರೆ ಕಿಟ್ಟಿನ ಡಬ್ಬಿಗೆ ಸ್ಕ್ರೂ ಇಲ್ಲ, ಉಗುರಿನಲ್ಲಿ ತೆಗೆಯಬಹುದು. ಮಗು ನುಂಗಿದ ಬಟನ್ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿದರೆ ಎರಡು ಗಂಟೆಯೊಳಗೇ ಅಲ್ಲಿ ಸುಟ್ಟಗಾಯ ಆಗಬಹುದು. ಸಣ್ಣ ಮಕ್ಕಳಿರುವ ಮನೆಗೆ ಅದನ್ನು ತರಲೇಬೇಡಿ.

ಮಳೆಗಾಲದಲ್ಲಿ ರೈಲು ಎತ್ತಿಡುವಾಗ ಬೋಗಿಯ ಸೆಲ್ಲು, ಹಬ್ಬಿನ ಆರು ಸೆಲ್ಲು ಎರಡನ್ನೂ ಹೊರಗೆ ತೆಗೆಯಿರಿ. ಆಲ್ಕಲೈನ್ ಸೋರಿ ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಹತ್ತಿಯಲ್ಲಿ ನಿಂಬೆರಸ ಅದ್ದಿ ಒರೆಸಿ, ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒಣಗಿಸಿ. ತುಕ್ಕು ಹಿಡಿದಿದ್ದರೆ ಸಣ್ಣ ಉಪ್ಪುಕಾಗದ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ನಡುವಿನ ಬೋಗಿಯೊಂದನ್ನು ಮಾತ್ರ ಸೆಲ್ಲು ಸಮೇತ ಹೊರಗಿಡಬಹುದು. ಜಡಿಮಳೆಗೆ ಕರೆಂಟು ಹೋದ ರಾತ್ರಿ ಅದರ ಕಿಟಕಿಗಳು ಬೆಳಗುವಷ್ಟು ಚೆಂದ ಬೇಸಿಗೆಯ ಯಾವ ಸಂಜೆಯಲ್ಲೂ ಕಾಣುವುದಿಲ್ಲ.