ಪ್ರಾರ್ಥನೆ ಕೋರ್ಸ್ ರಿವ್ಯೂ: ಕೀರ್ತನೆ ಪಾಠ ಚೆನ್ನಾಗಿದೆ, ಕಬ್ಬಾಲ ಯಾಕೆ ಬೇಕಿತ್ತು?

ಕ್ರೈಸ್ತರಿಗೆ ಅಂತಾನೇ ಮಾಡಿರೋ ಒಂದು ಆನ್‌ಲೈನ್ ಪ್ರಾರ್ಥನೆ ಕೋರ್ಸ್ ಮುಗಿಸಿದೆ. ಹೆಸರು ಹಾಕಲ್ಲ, ಇದೇ ಥರದ್ದು ಇನ್ನೂ ಇವೆ, ಅವಕ್ಕೂ ಇದೇ ಮಾತು. ಕೀರ್ತನೆಗಳನ್ನ ನಿಧಾನವಾಗಿ ಓದಿ ಪ್ರಾರ್ಥಿಸೋ ಪಾಠಗಳು ನಿಜಕ್ಕೂ ಒಳ್ಳೇವು, ಆಡಿಯೋನೂ ಕ್ಲಿಯರ್. ಮೂರು ಸ್ಟಾರ್ ಕೊಟ್ಟಿರೋದು ಅದಕ್ಕೇ.

ತೊಂದರೆ ಶುರುವಾಗೋದು ಕಬ್ಬಾಲ, ಅಂದ್ರೆ ಯೆಹೂದ್ಯರ ಗೂಢ ಅನುಭಾವ ಪರಂಪರೆ, ಒಳಗೆ ಬರೋ ಶೆಕಿನಾ ಪಾಠದಲ್ಲಿ. ಈ ಪದ ಸತ್ಯವೇದದಲ್ಲಿಲ್ಲ, ರಬ್ಬಿಗಳು (ಯೆಹೂದ್ಯ ಧರ್ಮಗುರುಗಳು) ದೇವರ ಸಾನ್ನಿಧ್ಯಕ್ಕೆ ಬಳಸಿದ್ದು. ಆ ಅರ್ಥದಲ್ಲಿ ಸಭೇಲಿ ಹಾಡಿದ್ರೆ ನಂದೇನೂ ತಕರಾರಿಲ್ಲ, ವಿಮೋಚನಕಾಂಡ 40ರಲ್ಲಿ ಮೇಘ ಗುಡಾರ ಮುಚ್ಚಿ ಯೆಹೋವನ ತೇಜಸ್ಸು ಒಳಗೆಲ್ಲಾ ತುಂಬಿದ್ದನ್ನ ನಾವೂ ಓದ್ತೀವಲ್ಲ. ಆದ್ರೆ ಇಲ್ಲಿ ಹತ್ತು ಸೆಫಿರೋತ್‌ಗಳ (ದೇವರು ತನ್ನನ್ನ ತೋರಿಸ್ಕೊಳ್ಳೋ ಹತ್ತು ಬಗೆಗಳ) ಚಿತ್ರ ತೋರ್ಸಿ, ಕೊನೇದು ಶೆಕಿನಾ, ದೇವರ ಸ್ತ್ರೀರೂಪ, ಅವಳೇ ಪವಿತ್ರಾತ್ಮ ಅಂತ ಒಂದೇ ಉಸಿರಲ್ಲಿ ಹೇಳಿಬಿಡ್ತಾರೆ! ಸೆಫಿರೋತ್ ಅನ್ನೋದು ಕಬ್ಬಾಲದ್ದು, 13ನೇ ಶತಮಾನದ ಕೊನೇಲಿ ಸ್ಪೇನ್‌ನಲ್ಲಿ ಕಾಣಿಸ್ಕೊಂಡ ಜೋಹರ್ ಗ್ರಂಥದಲ್ಲಿ ವಿಸ್ತಾರವಾಗಿ ಬರುತ್ತೆ. ಅದನ್ನ ಪಾಠದಲ್ಲಿ ಒಂದು ಸಲಾನೂ ಹೇಳಲ್ಲ, ಹೊಸದಾಗಿ ನಂಬಿಕೆಗೆ ಬಂದೋರು ಮೋಶೆ ಬರೆದಿದ್ದೇ ಅಂದ್ಕೊಳ್ತಾರೆ.

ತಿಕ್ಕುನ್ (ಅಂದ್ರೆ ಒಡೆದದ್ದನ್ನ ಸರಿಪಡಿಸೋದು) ಪಾಠ ಇನ್ನೂ ಕಷ್ಟ. 16ನೇ ಶತಮಾನದಲ್ಲಿ ಗಲಿಲಾಯದ ಸಫೇದ್ ಊರಲ್ಲಿ ಕಬ್ಬಾಲ ಗುರು ಐಸಾಕ್ ಲೂರಿಯಾ ಕಲಿಸಿದ್ದು ಏನಂದ್ರೆ, ದೇವರ ಬೆಳಕು ತುಂಬಿದ್ದ ಪಾತ್ರೆಗಳು ಸೃಷ್ಟಿ ಸಮಯದಲ್ಲಿ ಒಡೆದು ಕಿಡಿಗಳು ಚದುರಿಹೋದ್ವು, ಅವನ್ನ ಮನುಷ್ಯರು ಪ್ರಾರ್ಥನೆಯಿಂದ, ಆಜ್ಞೆ ಪಾಲಿಸೋದ್ರಿಂದ ಮತ್ತೆ ಮೇಲೆತ್ತಬೇಕು. ಯೆಹೂದ್ಯರ ನಂಬಿಕೆಯೊಳಗೆ ಅದಕ್ಕೆ ಅದರದೇ ಆಳ ಇದೆ, ನಾನು ಅದನ್ನ ಹಗುರ ಮಾಡ್ತಿಲ್ಲ. ಆದ್ರೆ ಕೊಲೊಸ್ಸೆ 1:20ರಲ್ಲಿ ಶಿಲುಬೆಯ ರಕ್ತದಿಂದ ಆದ ಸಮಾಧಾನಾನೂ ಇದೂ ಒಂದೇ ಅಂತ ಕಲಿಸಿದ್ರೆ ಹೇಗೆ ಒಪ್ಪೋದು, ಆಗ ಕ್ರಿಸ್ತ ಮಾಡಿ ಮುಗಿಸಿದ್ದು ಏನು?

ಇದು ಇವತ್ತಿನ ಗೊಂದಲ ಅಲ್ಲ. 1486ರಲ್ಲೇ ಇಟಲಿಯ ಕ್ರೈಸ್ತ ತತ್ವಜ್ಞಾನಿ ಪಿಕೊ ಡೆಲ್ಲಾ ಮಿರಾಂಡೋಲಾ ತನ್ನ 900 ವಾದಗಳಲ್ಲಿ, ಕ್ರಿಸ್ತನ ದೈವತ್ವ ತೋರ್ಸೋಕೆ ಮ್ಯಾಜಿಕ್, ಕಬ್ಬಾಲಗಿಂತ ಒಳ್ಳೆ ವಿದ್ಯೆ ಇಲ್ಲ ಅಂದಿದ್ದ, ಮರುವರ್ಷವೇ ಪೋಪ್ 8ನೇ ಇನ್ನೊಸೆಂಟ್ ಆ ವಾದಗಳನ್ನ ಖಂಡಿಸಿದ್ರು. ಯೆಹೂದ್ಯರಿಗೂ ಇದ್ರಿಂದ ನೋವೇ, ಅವರ ಪವಿತ್ರ ಮಾತುಗಳನ್ನ ತಗೊಂಡು ಅವರನ್ನೇ ಮತಾಂತರ ಮಾಡೋಕೆ ಬಳಸಿದ ಕಾಲಾನೂ ಇತ್ತು.

ಕೀರ್ತನೆ ಪಾಠಗಳಿಗೋಸ್ಕರ ಸೇರ್ಕೊಳ್ಳಿ. ಶೆಕಿನಾ, ತಿಕ್ಕುನ್ ಪಾಠಗಳನ್ನ ಮಾತ್ರ ಪಾಸ್ಟರ್ ಜೊತೆ ಸತ್ಯವೇದ ತೆಗೆದಿಟ್ಕೊಂಡು ಕೇಳಿ, ಯೂತ್ ಗ್ರೂಪಿಗೆ ಹಾಗೇ ಫಾರ್ವರ್ಡ್ ಮಾಡ್ಬೇಡಿ.